ವಿಲ್ಯಮ್ ವಿಲ್ಬರ್‌ಫೋರ್ಸರ ಚರಿತ್ರೆ: ವಿಶ್ವಾಸಿಯ ಮತದ ಬೆಲೆ

ಮೋಶೆಯು ಇಸ್ರಾಯೇಲ್ಯರ ವ್ಯಾಜ್ಯಗಳನ್ನೆಲ್ಲಾ ತಾನೊಬ್ಬನೇ ಬೆಳಗಿನಿಂದ ಸಂಜೆಯ ವರೆಗೆ ಕೂತು ತೀರಿಸುತ್ತಾ ದಣಿದಿರುವಾಗ ಅವನ ಮಾವನಾದ ಇತ್ರೋನು ಬಂದು, ದೇವರಿಗೆ ಭಯಪಡುವಂಥ, ಸತ್ಯವನ್ನು ಪ್ರೀತಿಸುವಂಥ, ಹಣದಾಸೆಗೆ ಬೀಳದಂಥ ಮನುಷ್ಯರನ್ನು ಜನರೊಳಗಿಂದ ಆರಿಸಿ ಅವರ ಕೈಗೆ ಅಧಿಕಾರವನ್ನು ಕೊಡಬೇಕೆಂದು ಬುದ್ಧಿ ಹೇಳಿದನೆಂಬದನ್ನು ವಿಮೋಚನಕಾಂಡದಲ್ಲಿ ಓದುತ್ತೇವೆ. ಆ ಕಾಲದಲ್ಲಿ ಆರಿಸುವ ಭಾರವು ಮೋಶೆಯ ಮೇಲೆ ಇತ್ತು. ನಮ್ಮ ದೇಶದಲ್ಲಿಯಾದರೋ ೧೯೫೧-೫೨ರ ಮೊದಲನೆಯ ಮಹಾ ಚುನಾವಣೆಯಿಂದ ಈಚೆಗೆ ಆ ಭಾರವು ಗಂಡಸು ಹೆಂಗಸು, ಬಡವ ಬಲ್ಲಿದ ಎಂಬ ಭೇದವಿಲ್ಲದೆ ಪ್ರಾಯಕ್ಕೆ ಬಂದ ಪ್ರತಿಯೊಬ್ಬರ ಮೇಲೆಯೂ ಬಿದ್ದಿದೆ. ಗದ್ದೆಯಲ್ಲಿ ನಾಟಿ ಮಾಡುವ ತಾಯಿಗೂ ಒಂದೇ ಮತ, ಆ ಗದ್ದೆಯ ಒಡೆಯನಿಗೂ ಒಂದೇ ಮತ.

ನಮ್ಮ ಕನ್ನಡದಲ್ಲಿ ಮತವೆಂಬ ಒಂದೇ ಶಬ್ದವು ಧರ್ಮಕ್ಕೂ ಚುನಾವಣೆಯಲ್ಲಿ ಹಾಕುವ ಓಟಿಗೂ ಸಲ್ಲುತ್ತದೆ. ಇದರಿಂದ ಕೆಲವರು ಎರಡನ್ನೂ ಒಂದೇ ಎಂದು ಎಣಿಸಿ, ನಮ್ಮ ಮತದವನಿಗೇ ನಮ್ಮ ಮತವೆಂದು ತೀರ್ಮಾನಿಸಿಬಿಡುತ್ತಾರೆ. ಬೇರೆ ಕೆಲವರು ಎರಡಕ್ಕೂ ಏನೂ ಸಂಬಂಧವಿಲ್ಲವೆಂದು ತಿಳಿದು, ಆದಿತ್ಯವಾರ ದೇವಾಲಯದಲ್ಲಿ ಒಂದು ಮನಸ್ಸನ್ನೂ ಚುನಾವಣೆಯ ದಿನದಲ್ಲಿ ಮತ್ತೊಂದು ಮನಸ್ಸನ್ನೂ ಇಟ್ಟುಕೊಳ್ಳುತ್ತಾರೆ. ಈ ಎರಡೂ ದಾರಿ ತಪ್ಪೆಂದು ತೋರಿಸುವದಕ್ಕೆ ವಾದಕ್ಕಿಂತ ಒಬ್ಬ ಮನುಷ್ಯನ ಜೀವಿತವೇ ಹೆಚ್ಚು ಉಪಯೋಗವಾಗುವದೆಂದು ನೆನಸಿ, ಗುಲಾಮರ ವ್ಯಾಪಾರವನ್ನು ನಿಲ್ಲಿಸುವದಕ್ಕಾಗಿ ಇಂಗ್ಲೆಂಡಿನಲ್ಲಿ ಪ್ರಯಾಸಪಟ್ಟ ವಿಲ್ಯಮ್ ವಿಲ್ಬರ್‌ಫೋರ್ಸರ ಚರಿತ್ರೆಯನ್ನು ಈ ತಿಂಗಳಲ್ಲಿ ವಾಚಕರ ಮುಂದೆ ಇಡುತ್ತೇವೆ.

ಬಾಲ್ಯವೂ ಯೌವನವೂ

ವಿಲ್ಬರ್‌ಫೋರ್ಸರು ೧೭೫೯ನೇ ಇಸವಿ ಆಗಸ್ಟ್ ೨೪ರಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ರೇವುಪಟ್ಟಣದಲ್ಲಿ ಹುಟ್ಟಿದರು. ಅವರ ಮನೆತನದವರು ಬಾಲ್ಟಿಕ್ ಸಮುದ್ರದ ಸೀಮೆಗಳೊಂದಿಗೆ ವ್ಯಾಪಾರ ನಡಿಸಿ ಐಶ್ವರ್ಯವಂತರಾಗಿದ್ದರು. ಬಾಲಕನು ಕುಳ್ಳಾಗಿಯೂ ಬಲಹೀನನಾಗಿಯೂ ಮಂದದೃಷ್ಟಿಯುಳ್ಳವನಾಗಿಯೂ ಇದ್ದನು. ಒಂಭತ್ತನೆಯ ವರುಷದಲ್ಲಿ ತಂದೆ ತೀರಿಹೋದ್ದರಿಂದ ಅವನನ್ನು ವಿಂಬಲ್ಡನ್ನಿನಲ್ಲಿದ್ದ ದೊಡ್ಡಪ್ಪನ ಮನೆಗೆ ಕಳುಹಿಸಿದರು. ಆ ಮನೆಯ ದೊಡ್ಡಮ್ಮನವರು ಭಕ್ತಿವಂತೆ. ಸುವಾರ್ತಿಕರಾದ ವೈಟ್‌ಫೀಲ್ಡರ ಉಪದೇಶಕ್ಕೆ ಕಿವಿಗೊಟ್ಟವರು. ಹಿಂದೆ ಗುಲಾಮರ ಹಡಗಿನ ನಾಯಕರಾಗಿದ್ದು ಆಮೇಲೆ ಕ್ರಿಸ್ತನ ಸೇವಕರಾದ ಜಾನ್ ನ್ಯೂಟನ್ನರನ್ನು ಬಾಲಕನು ಆ ದಿವಸಗಳಲ್ಲಿಯೇ ಕಂಡು ಪ್ರೀತಿಸಿದನು. ಆದರೆ ಮಗನು ಇಂಥ ಭಕ್ತಿಗೆ ತಿರುಗುವದು ತಾಯಿಗೆ ಒಪ್ಪಲಿಲ್ಲ. ಆಕೆಯು ಅವನನ್ನು ತಿರುಗಿ ಹಲ್ ಪಟ್ಟಣಕ್ಕೆ ಕರತಂದು ನಾಟಕ, ನರ್ತನ, ಔತಣಗಳ ನಡುವೆ ಬೆಳಿಸಿದಳು. ಬಾಲ್ಯದಲ್ಲಿ ಬಿತ್ತಿದ ಬೀಜವು ಮಣ್ಣಿನ ಕೆಳಗೆ ಅಡಗಿಹೋಯಿತು.

೧೭೭೬ರಲ್ಲಿ ಅವರು ಕೇಂಬ್ರಿಜ್ ವಿದ್ಯಾಶಾಲೆಯನ್ನು ಸೇರಿದರು. ಅಜ್ಜನ ಆಸ್ತಿಯೂ ದೊಡ್ಡಪ್ಪನ ಆಸ್ತಿಯೂ ಕೈಗೆ ಬಂದದ್ದರಿಂದ ದುಡಿಯುವ ಅವಶ್ಯವಿರಲಿಲ್ಲ. ಮಧುರವಾದ ಕಂಠ, ಚತುರವಾದ ಮಾತು, ಕೈಬಿಚ್ಚಿ ಖರ್ಚು ಮಾಡುವ ಗುಣ, ಇವುಗಳಿಂದ ಎಲ್ಲರಿಗೂ ಬೇಕಾದವರಾದರು. ಮುಂದೆ ಇಪ್ಪತ್ತನಾಲ್ಕನೆಯ ವರುಷದಲ್ಲಿಯೇ ಪ್ರಧಾನಮಂತ್ರಿಯಾದ ವಿಲ್ಯಮ್ ಪಿಟ್ಟರ ಗೆಳೆತನವು ಆ ಕಾಲದಲ್ಲಿ ಆರಂಭವಾಯಿತು.

ಹಣದಿಂದ ಕೊಂಡ ಮತಗಳು

೧೭೮೦ನೇ ಇಸವಿ ಸಪ್ಟೆಂಬರಿನಲ್ಲಿ, ಇಪ್ಪತ್ತೊಂದು ತುಂಬಿ ಕೆಲವು ವಾರಗಳಾಗಿರುವಾಗ, ವಿಲ್ಬರ್‌ಫೋರ್ಸರು ಹಲ್ ಪಟ್ಟಣದ ಪ್ರತಿನಿಧಿಯಾಗಿ ಪಾರ್ಲಿಮೆಂಟಿಗೆ ಆರಿಸಲ್ಪಟ್ಟರು. ಅವರಿಗೆ ೧,೧೨೬ ಮತಗಳು ಬಿದ್ದವು. ಇನ್ನಿಬ್ಬರಿಗೆ ಬಿದ್ದ ಮತಗಳನ್ನು ಕೂಡಿಸಿದರೂ ಅಷ್ಟೇ. ಆದರೆ ಈ ಜಯವು ಹೇಗೆ ಬಂತು? ಆ ಊರಿನಲ್ಲಿ ಮತಕ್ಕೆ ಗೊತ್ತಾದ ಕ್ರಯವಿತ್ತು. ಪ್ರತಿ ಮತದಾರನ ಕೈಯಲ್ಲಿ ಎರಡು ಮತಗಳಿದ್ದವು. ಒಂದನ್ನು ಕೊಟ್ಟರೆ ಎರಡು ಗಿನಿ. ಎರಡನೆಯದನ್ನು ಯಾರಿಗೂ ಕೊಡದೆ ಒಬ್ಬನಿಗೆ ಮಾತ್ರ ಮತ ಹಾಕಿದರೆ ನಾಲ್ಕು ಗಿನಿ. ಲಂಡನಿನಿಂದ ಬಂದು ಹಾಕುವವನಿಗೆ ದಾರಿಯ ಖರ್ಚೆಂದು ಸುಮಾರು ಹತ್ತು ಪೌಂಡು. ಇದಲ್ಲದೆ ಪ್ರಾಯಕ್ಕೆ ಬಂದ ಉತ್ಸವವೆಂದು ಊರವರಿಗೆಲ್ಲಾ ಇಡೀ ಎತ್ತನ್ನು ಸುಟ್ಟು ಔತಣ ಮಾಡಿಸಿದರು. ಎಲ್ಲಾ ಸೇರಿ ಎಂಟು ಸಾವಿರ ಪೌಂಡಿಗಿಂತ ಹೆಚ್ಚು ಕರಗಿತು.

ಇದನ್ನು ಯಾರೂ ಪಾಪವೆಂದು ಎಣಿಸಲಿಲ್ಲ. ಕೊಡುವವನು ವಾಡಿಕೆಯೆಂದು ಕೊಟ್ಟನು; ತಕ್ಕೊಳ್ಳುವವನು ಹಕ್ಕೆಂದು ತಕ್ಕೊಂಡನು. ವಾಡಿಕೆಯೆಂಬದು ಪಾಪಕ್ಕೆ ಹೊದಿಸುವ ದಪ್ಪವಾದ ಕಂಬಳಿ. ಅದರ ಕೆಳಗೆ ಮನಸ್ಸಾಕ್ಷಿಯು ಬೆಚ್ಚಗೆ ನಿದ್ರೆಮಾಡುತ್ತದೆ. ವಿಲ್ಬರ್‌ಫೋರ್ಸರು ಎಚ್ಚತ್ತ ಮೇಲೆ ಆ ಚುನಾವಣೆಯನ್ನು ನೆನಸಿ ನಾಚಿದರು. ಇಂಥ ವಿಧದಲ್ಲಿ ತಿರುಗಿ ಪಾರ್ಲಿಮೆಂಟಿಗೆ ಹೋಗುವದಕ್ಕಿಂತ ಹೋಗದಿರುವದೇ ಲೇಸೆಂದು ತೀರ್ಮಾನಿಸಿದರು.

ಹೊಸ ಹುಟ್ಟು

೧೭೮೪ರಲ್ಲಿ ಅವರು ಯಾರ್ಕ್‌ಷೈರ್ ಜಿಲ್ಲೆಗೆ ಪ್ರತಿನಿಧಿಯಾದರು. ಇದು ಇಂಗ್ಲೆಂಡಿನ ಜಿಲ್ಲೆಗಳಲ್ಲೆಲ್ಲಾ ದೊಡ್ಡದು. ಇಲ್ಲಿಯ ಸ್ಥಾನವು ಬಹಳ ಗೌರವವುಳ್ಳದ್ದು. ಆ ವರುಷವೂ ಮರುವರುಷವೂ ಯೂರೋಪ ಖಂಡದಲ್ಲಿ ಪ್ರಯಾಣ ಮಾಡುವಾಗ ಐಸಾಕ್ ಮಿಲ್ನರ್ ಎಂಬ ವಿದ್ವಾಂಸರು ಜೊತೆಯಲ್ಲಿದ್ದರು. ಇಬ್ಬರೂ ಕೂಡಿ ಡಾಡ್ರಿಜ್ ಎಂಬ ದೈವಭಕ್ತರ ಪುಸ್ತಕವನ್ನೂ, ಆಮೇಲೆ ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯನ್ನೂ ಓದಿದರು. ಓದುತ್ತಾ ಓದುತ್ತಾ ವಿಲ್ಬರ್‌ಫೋರ್ಸರಿಗೆ ತಮ್ಮ ಪಾಪವು ಕಂಡುಬಂತು. ಇಷ್ಟು ಬುದ್ಧಿ, ಹಣ, ಸಮಯಗಳನ್ನು ದೇವರು ಕೊಟ್ಟಿರುವಾಗ ಅವೆಲ್ಲವನ್ನೂ ಇಸ್ಪೀಟು ಜೂಜು ವಿನೋದಗಳಲ್ಲಿ ಕಳೆದೆನೆಂದು ತಿಂಗಳುಗಟ್ಟಲೆ ವ್ಯಥೆಪಟ್ಟರು. ಕಡೆಗೆ ಕ್ರಿಸ್ತನ ಕೃಪೆಯಲ್ಲಿ ಅವರಿಗೆ ಸಮಾಧಾನ ದೊರೆಯಿತು.

ಆಗ ಒಂದು ದೊಡ್ಡ ಪ್ರಶ್ನೆ ಹುಟ್ಟಿತು. ಭಕ್ತಿವಂತನು ರಾಜಕಾರ್ಯದಲ್ಲಿ ಇರಬಹುದೋ? ಆ ಸಭೆಯನ್ನು ಬಿಟ್ಟು ಬೋಧಕನಾಗಬಾರದೋ? ಈ ಪ್ರಶ್ನೆಯನ್ನು ಹೊತ್ತುಕೊಂಡು ಅವರು ೧೭೮೫ರ ಡಿಸೆಂಬರಿನಲ್ಲಿ, ಯಾರಾದರೂ ನೋಡಿಯಾರೆಂಬ ಸಂಕೋಚದಿಂದ ಬೀದಿಯಲ್ಲಿ ಹಿಂದುಮುಂದು ನಡೆದಾಡಿ, ಕಡೆಗೆ ಮುದಿಪ್ರಾಯದ ನ್ಯೂಟನ್ನರ ಬಾಗಿಲನ್ನು ತಟ್ಟಿದರು. ದೇವರು ಒಬ್ಬನನ್ನು ಆ ಸ್ಥಳದಲ್ಲಿ ಇಟ್ಟಿದ್ದರೆ ಆ ಸ್ಥಳದಲ್ಲಿಯೇ ಸೇವೆ ಮಾಡತಕ್ಕದ್ದೆಂದು ನ್ಯೂಟನ್ನರು ಬುದ್ಧಿ ಹೇಳಿದರು. ದಾನಿಯೇಲನು ಬಾಬೆಲಿನ ಅರಮನೆಯಲ್ಲಿದ್ದುಕೊಂಡೇ ಮೊಣಕಾಲೂರಿದನಷ್ಟೆ. ವಿಲ್ಬರ್‌ಫೋರ್ಸರು ಆ ಬುದ್ಧಿಯನ್ನು ಒಪ್ಪಿ, ಜೂಜಿನ ಮಂಡಲಿಗಳಿಂದ ತಮ್ಮ ಹೆಸರನ್ನು ತೆಗೆಸಿ, ಪ್ರಧಾನಮಂತ್ರಿಯಾದ ಗೆಳೆಯನಿಗೆ ತಿಳಿಸಿದ್ದೇನೆಂದರೆ: ಸ್ನೇಹವು ಮುಂಚಿನಂತೆಯೇ ಇರುವದು, ಆದರೆ ಇನ್ನು ಮೇಲೆ ತಾನು ಮುಂಚಿನಷ್ಟು ಪಕ್ಷದವನಾಗಿರುವದಿಲ್ಲ.

ಈ ಒಂದು ಮಾತಿನಲ್ಲಿ ಅವರ ಮುಂದಿನ ನಾಲ್ವತ್ತು ವರುಷಗಳು ಅಡಗಿವೆ. ಅವರು ರಾಜಕಾರ್ಯವನ್ನು ಬಿಡಲಿಲ್ಲ, ಗೆಳೆಯನನ್ನೂ ಬಿಡಲಿಲ್ಲ. ಆದರೆ ತಮ್ಮ ಮತವನ್ನು ಯಾರ ಜೇಬಿನಲ್ಲಿಯೂ ಇಡಲಿಲ್ಲ.

ಮತವಿಲ್ಲದವರ ಪಕ್ಷ

ಆ ಕಾಲದಲ್ಲಿ ಬ್ರಿಟಿಷ್ ಹಡಗುಗಳು ಆಫ್ರಿಕದ ಕರಾವಳಿಯಲ್ಲಿ ಮನುಷ್ಯರನ್ನು ಕೊಂಡು, ವೆಸ್ಟ್ ಇಂಡೀಸ್ ದ್ವೀಪಗಳಿಗೆ ಒಯ್ದು, ಕಬ್ಬಿನ ತೋಟಗಳಿಗೆ ಮಾರುತ್ತಿದ್ದವು. ಈ ವ್ಯಾಪಾರ ನಡೆದ ಕಾಲವೆಲ್ಲಾ ಸೇರಿ ಬ್ರಿಟಿಷ್ ಹಡಗುಗಳು ಹೊತ್ತೊಯ್ದವರು ೩೦ ಲಕ್ಷಕ್ಕಿಂತಲೂ ಹೆಚ್ಚು ಜನರು. ಬ್ರೂಕ್ಸ್ ಎಂಬ ಹಡಗಿಗೆ ೧೭೮೮ರ ಕಾಯಿದೆಯು ೪೫೪ ಮಂದಿಯನ್ನು ತುಂಬುವದಕ್ಕೆ ಅಪ್ಪಣೆಕೊಟ್ಟಿತು. ಅದಕ್ಕೆ ಮುಂಚೆ ಆರು ನೂರಕ್ಕೂ ಹೆಚ್ಚು ಮಂದಿಯನ್ನು ತುಂಬಿದ್ದುಂಟು. ಮಗ್ಗುಲು ಹೊರಳುವದಕ್ಕೂ ಸ್ಥಳವಿಲ್ಲದೆ ಸರಪಣಿಗಳಲ್ಲಿ ವಾರಗಟ್ಟಲೆ ಮಲಗಿದ್ದು, ಅನೇಕರು ದಾರಿಯಲ್ಲಿಯೇ ಸತ್ತು ಸಮುದ್ರಪಾಲಾದರು. ಇವರಲ್ಲಿ ಒಬ್ಬರಿಗಾದರೂ ಇಂಗ್ಲೆಂಡಿನಲ್ಲಿ ಮತವಿರಲಿಲ್ಲ. ಇವರ ಪರವಾಗಿ ಮಾತಾಡಿದರೆ ಯಾವ ಚುನಾವಣೆಯಲ್ಲಿಯೂ ಲಾಭವಿರಲಿಲ್ಲ. ಲಿವರ್‌ಪೂಲ್, ಬ್ರಿಸ್ಟಲ್ ಪಟ್ಟಣಗಳ ವರ್ತಕರ ಹಗೆಯು ಮಾತ್ರ ನಿಶ್ಚಯವಾಗಿತ್ತು.

೧೭೮೭ರಲ್ಲಿ ಈ ವ್ಯಾಪಾರವನ್ನು ನಿಲ್ಲಿಸುವದಕ್ಕೆ ಲಂಡನಿನಲ್ಲಿ ಹನ್ನೆರಡು ಮಂದಿಯ ಒಂದು ಮಂಡಲಿಯು ಏರ್ಪಟ್ಟಿತು. ಅವರಲ್ಲಿ ಒಂಭತ್ತು ಮಂದಿ ಕ್ವೇಕರ್ ಸಭೆಯವರು. ಥಾಮಸ್ ಕ್ಲಾರ್ಕ್‌ಸನ್ನರು ಕುದುರೆಯ ಮೇಲೆ ಊರೂರು ಸುತ್ತಿ ಸಾಕ್ಷಿಗಳನ್ನು ಕೂಡಿಸಿದರು. ತಾನೇ ಗುಲಾಮನಾಗಿದ್ದು ಬಿಡುಗಡೆಯನ್ನು ಕೊಂಡುಕೊಂಡ ಒಲೌಡಾ ಎಕ್ವಿಯಾನೋ ಎಂಬವರು ೧೭೮೯ರಲ್ಲಿ ತಮ್ಮ ಜೀವಚರಿತ್ರೆಯನ್ನು ಪ್ರಕಟಿಸಿ ಸಾವಿರಾರು ಜನರ ಕಣ್ಣು ತೆರೆದರು. ಪಾರ್ಲಿಮೆಂಟಿನಲ್ಲಿ ಈ ಕಾರ್ಯವನ್ನು ಹೊರುವ ಭಾರವು ವಿಲ್ಬರ್‌ಫೋರ್ಸರ ಮೇಲೆ ಬಿತ್ತು. ೧೭೮೯ನೇ ಇಸವಿ ಮೇ ೧೨ರಲ್ಲಿ ಅವರು ಎದ್ದುನಿಂತು ಮೂರೂವರೆ ತಾಸು ಮಾತಾಡಿದರು. ಯಾರನ್ನೂ ಬೈಯಲಿಲ್ಲ, ಈ ಪಾಪವು ಇಡೀ ಪಾರ್ಲಿಮೆಂಟಿನದು, ತನ್ನದೂ ಅದರಲ್ಲಿ ಸೇರಿದೆಯೆಂದು ಒಪ್ಪಿಕೊಂಡು ಆರಂಭಿಸಿದರು.

ಎರಡು ವರುಷ ವಿಚಾರಣೆ ನಡೆದ ಮೇಲೆ ೧೭೯೧ರಲ್ಲಿ ಸಭೆಯು ತೀರ್ಪು ಕೊಟ್ಟಿತು. ಪರವಾಗಿ ೮೮, ವಿರೋಧವಾಗಿ ೧೬೩. ಅಲ್ಲಿಗೆ ಕಾರ್ಯವು ಮುಗಿಯಿತೆಂದು ವರ್ತಕರು ಗಂಟೆ ಬಾರಿಸಿ ಸಂತೋಷಪಟ್ಟರು. ಆದರೆ ಆಗಲೇ ಒಂದು ಆಶ್ಚರ್ಯವು ಆರಂಭವಾಯಿತು. ಮತವಿಲ್ಲದ ಸಾಮಾನ್ಯ ಜನರು ಮುಂದೆ ಬಂದರು. ಆ ದೇಶದಲ್ಲಿ ಹೆಂಗಸರಿಗೆ ಮತವಿಲ್ಲ, ಕೂಲಿಯವರಿಗೆ ಮತವಿಲ್ಲ. ಆದರೂ ಗುಲಾಮರ ಬೆವರಿನಿಂದ ಬೆಳೆದ ಸಕ್ಕರೆಯನ್ನು ನಾವು ತಿನ್ನುವದಿಲ್ಲವೆಂದು ಸಾವಿರಾರು ಮನೆಗಳವರು, ವಿಶೇಷವಾಗಿ ತಾಯಂದಿರು, ಅದನ್ನು ಬಿಟ್ಟುಬಿಟ್ಟರು. ೧೭೯೨ರಲ್ಲಿ ೫೧೯ ಮನವಿಗಳು ಪಾರ್ಲಿಮೆಂಟಿಗೆ ಬಂದವು. ಮತವಿಲ್ಲದವನು ಕೂಡ ಸತ್ಯದ ಪಕ್ಷದಲ್ಲಿ ನಿಲ್ಲಬಹುದಾದರೆ, ಮತವಿರುವವನು ಮನೆಯಲ್ಲಿ ಸುಮ್ಮನೆ ಕೂತಿರುವದು ಎಷ್ಟು ದೊಡ್ಡ ಅಪರಾಧ!

ಆ ವರುಷ ಸಭೆಯು ವ್ಯಾಪಾರವನ್ನು ಮೆಲ್ಲಮೆಲ್ಲನೆ ನಿಲ್ಲಿಸೋಣವೆಂದು ೨೩೦ಕ್ಕೆ ೮೫ ಮತಗಳಿಂದ ಗೊತ್ತುಮಾಡಿತು. ಮೆಲ್ಲನೆಯೆಂಬ ಆ ಒಂದು ಮಾತು ಅದನ್ನು ಇನ್ನೂ ಹದಿನೈದು ವರುಷ ಬದುಕಿಸಿತು. ೧೭೯೬ರಲ್ಲಿ ನಡೆದದ್ದು ಇನ್ನೂ ಕಹಿಯಾದದ್ದು. ಮಸೂದೆಯು ಕಡೇ ಹಂತಕ್ಕೆ ಬಂತು. ಪರವಾಗಿ ೭೦, ವಿರೋಧವಾಗಿ ೭೪. ನಾಲ್ಕೇ ಮತಗಳಿಂದ ಬಿದ್ದುಹೋಯಿತು. ಪರವಾಗಿ ಮತ ಕೊಡತಕ್ಕವರಲ್ಲಿ ಕೆಲವರು ಆ ರಾತ್ರಿಯಲ್ಲಿ ಹೊಸದಾಗಿ ಬಂದ ಸಂಗೀತನಾಟಕವನ್ನು ನೋಡಲಿಕ್ಕೆ ಹೋಗಿದ್ದರು, ಕೆಲವರು ಊರಲ್ಲಿರಲಿಲ್ಲ. ಅವರು ದುಷ್ಟರಲ್ಲ, ಗುಲಾಮರ ವ್ಯಾಪಾರವನ್ನು ಕೆಟ್ಟದ್ದೆಂದು ಒಪ್ಪಿದವರೇ. ನಾನೊಬ್ಬನು ಹೋಗದಿದ್ದರೆ ಏನಾಯಿತು ಎಂದು ನೆನಸಿದವರು, ಅಷ್ಟೇ. ಆ ನೆನಸೋಣದ ಕ್ರಯವನ್ನು ಹಡಗಿನ ತಳದಲ್ಲಿ ಮಲಗಿದ್ದವರು ಸಲ್ಲಿಸಿದರು.

ಸ್ನೇಹಕ್ಕಿಂತ ದೊಡ್ಡದು

ಪಕ್ಷದವನಾಗಿರುವದಿಲ್ಲವೆಂದು ಹೇಳುವದು ಸುಲಭ. ಅದನ್ನು ನಡಿಸುವ ದಿನ ಬಂದಾಗ ಹೃದಯವು ನೋಯುತ್ತದೆ. ೧೭೯೪ರ ಕಡೆಯಲ್ಲಿ ಫ್ರಾನ್ಸಿನೊಂದಿಗೆ ಸಮಾಧಾನಕ್ಕೆ ಪ್ರಯತ್ನಿಸಬೇಕೆಂದು ವಿಲ್ಬರ್‌ಫೋರ್ಸರು ಪಿಟ್ಟರ ಮಂತ್ರಿಮಂಡಲಕ್ಕೆ ವಿರೋಧವಾಗಿ ಸೂಚನೆ ತಂದರು. ಅರಸನು ಅವರನ್ನು ಕಂಡೂ ಕಾಣದವನಂತೆ ಇದ್ದನು. ಜಿಲ್ಲೆಯಲ್ಲಿ ಅನೇಕರು ಬೇಸರಪಟ್ಟರು. ಗೆಳೆಯರಿಬ್ಬರೂ ಕೆಲವು ಕಾಲ ಅಗಲಿದಂತೆ ಇದ್ದರು.

ಇದಕ್ಕಿಂತ ದೊಡ್ಡ ಶೋಧನೆಯು ೧೮೦೫ರಲ್ಲಿ ಬಂತು. ಪಿಟ್ಟರ ಆಪ್ತಮಿತ್ರರೂ ಮಂತ್ರಿಗಳೂ ಆದ ಮೆಲ್ವಿಲ್ ಪ್ರಭುಗಳು ಮುಂಚೆ ನೌಕಾಪಡೆಯ ಖಜಾನೆಯ ಮೇಲಿದ್ದಾಗ, ಅವರ ಕೈಕೆಳಗಿನವನು ಸರಕಾರದ ಹಣವನ್ನು ಸ್ವಂತ ಲಾಭಕ್ಕೆ ತಿರುಗಿಸಿದನೆಂದೂ ಪ್ರಭುಗಳು ಅದಕ್ಕೆ ಎಡೆಗೊಟ್ಟರೆಂದೂ ವಿಚಾರಣೆಯಲ್ಲಿ ಕಂಡುಬಂತು. ಏಪ್ರಿಲ್ ೮ರ ರಾತ್ರಿ ಸಭೆಯು ತುಂಬಿತ್ತು. ವಿಲ್ಬರ್‌ಫೋರ್ಸರು ಮಾತಾಡಲಿಕ್ಕೆ ಎದ್ದಾಗ ಪಿಟ್ಟರು ಮುಂದಕ್ಕೆ ಬಾಗಿ ಅವರ ಮುಖವನ್ನೇ ದೃಷ್ಟಿಸಿ ನೋಡಿದರು. ಇಪ್ಪತ್ತೈದು ವರುಷಗಳ ಸ್ನೇಹವು ಆ ನೋಟದಲ್ಲಿತ್ತು. ಆದರೆ ಬೊಕ್ಕಸದ ಹಣವು ಪ್ರಜೆಗಳ ಹಣ; ಅದನ್ನು ಕಾಯತಕ್ಕವನು ಸಡಿಲಬಿಟ್ಟರೆ ನಮ್ಮವನೆಂದು ಮುಚ್ಚಬಾರದು. ವಿಲ್ಬರ್‌ಫೋರ್ಸರು ಮೆಲ್ವಿಲ್ಲರನ್ನು ಖಂಡಿಸುವ ಠರಾವಿನ ಪಕ್ಷದಲ್ಲಿ ಮಾತಾಡಿದರು. ಇದನ್ನು ಕೇಳಿ ಅನೇಕರು ತಮ್ಮ ಮನಸ್ಸನ್ನು ತಿರುಗಿಸಿಕೊಂಡರು. ಮತಗಳನ್ನು ಎಣಿಸಿದಾಗ ೨೧೬ಕ್ಕೆ ೨೧೬ ಸರಿಸಮವಾಗಿ ನಿಂತಿತು. ಸಭಾಧ್ಯಕ್ಷರು ಬಿಳಿಚಿದ ಮುಖದಿಂದ ಸ್ವಲ್ಪ ಹೊತ್ತು ಸುಮ್ಮನೆ ಕೂತು, ತಮ್ಮ ಒಂದು ಮತವನ್ನು ಠರಾವಿನ ಕಡೆಗೆ ಕೊಟ್ಟರು. ಪಿಟ್ಟರು ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳಕೊಂಡು ಅತ್ತರೆಂದು ಹೇಳುತ್ತಾರೆ. ಮರುವರುಷ ಪ್ರಭುಗಳ ಸಭೆಯ ನ್ಯಾಯವಿಚಾರಣೆಯಲ್ಲಿ ಮೆಲ್ವಿಲ್ಲರು ಅಪರಾಧಿಯಲ್ಲವೆಂದು ತೀರ್ಪಾಯಿತೆಂಬದನ್ನೂ ನ್ಯಾಯಕ್ಕಾಗಿ ಇಲ್ಲಿ ಹೇಳಬೇಕು. ಆದರೂ ಸರಕಾರದ ಹಣಕ್ಕೆ ಲೆಕ್ಕ ಕೊಡತಕ್ಕದ್ದೆಂಬ ಪಾಠವನ್ನು ಆ ರಾತ್ರಿ ದೇಶವೆಲ್ಲಾ ಕಲಿಯಿತು.

ಜಯವೂ ಅದರ ಮರುದಿನಗಳೂ

ಕಡೆಗೆ ದೇವರ ಸಮಯ ಬಂತು. ೧೮೦೭ನೇ ಇಸವಿ ಫೆಬ್ರವರಿ ೨೩ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಗೆ ೨೮೩ ಮತಗಳೂ ಅದಕ್ಕೆ ವಿರೋಧವಾಗಿ ೧೬ ಮಾತ್ರವೂ ಬಿದ್ದವು. ಸಭಿಕರೆಲ್ಲಾ ಎದ್ದುನಿಂತು ಹರ್ಷಧ್ವನಿ ಮಾಡುವಾಗ ವಿಲ್ಬರ್‌ಫೋರ್ಸರು ತಲೆ ತಗ್ಗಿಸಿ ಕಣ್ಣೀರಿಡುತ್ತಾ ಕೂತಿದ್ದರು. ಮಾರ್ಚ್ ೨೫ರಲ್ಲಿ ಅದಕ್ಕೆ ಅರಸನ ಒಪ್ಪಿಗೆಯಾಯಿತು. ಮೊದಲನೆಯ ಭಾಷಣದಿಂದ ಆ ದಿನದ ವರೆಗೆ ಹದಿನೆಂಟು ವರುಷಗಳಾಗಿದ್ದವು.

ಅದೇ ವರುಷದ ಮೇ ತಿಂಗಳಲ್ಲಿ ಯಾರ್ಕ್‌ಷೈರಿನಲ್ಲಿ ಚುನಾವಣೆ ಬಂತು. ಎರಡು ಸ್ಥಾನಗಳಿಗೆ ಮೂವರು ನಿಂತರು. ಉಳಿದಿಬ್ಬರೂ ದೊಡ್ಡ ಪ್ರಭುಗಳ ಮಕ್ಕಳು. ಅವರಲ್ಲಿ ಲ್ಯಾಸೆಲ್ಸ್ ಎಂಬವರ ಮನೆತನಕ್ಕೆ ವೆಸ್ಟ್ ಇಂಡೀಸಿನಲ್ಲಿ ಗುಲಾಮರ ತೋಟಗಳಿದ್ದವು. ಆ ಇಬ್ಬರು ತಲೆಗೆ ಸುಮಾರು ಒಂದು ಲಕ್ಷ ಪೌಂಡಿನಂತೆ ಸುರಿದರು. ಜಿಲ್ಲೆಯಲ್ಲಿದ್ದ ಬಂಡಿಗಳನ್ನೂ ಕುದುರೆಗಳನ್ನೂ ಮುಂಚಿತವಾಗಿಯೇ ಬಾಡಿಗೆಗೆ ಹಿಡಿದುಕೊಂಡರು. ಇಡೀ ಜಿಲ್ಲೆಗೆ ಮತ ಹಾಕುವ ಸ್ಥಳವು ಯಾರ್ಕ್ ಪಟ್ಟಣವೊಂದೇ. ಹದಿನೈದು ದಿವಸ ಮತದಾನ ನಡೆಯಿತು. ಆಗ ಗುಪ್ತ ಮತದಾನವೂ ಇರಲಿಲ್ಲ. ಯಾರು ಯಾರಿಗೆ ಹಾಕಿದರೆಂದು ಎಲ್ಲರಿಗೂ ಕೇಳುವಂತೆ ಹೇಳಿ ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಒಡೆಯನಿಗೆ ಸಿಟ್ಟು ಬಂದರೆ ಒಕ್ಕಲಿಗೆ ಕಷ್ಟವೇ.

ಹೀಗಿದ್ದರೂ ಆ ಜಿಲ್ಲೆಯ ಸಣ್ಣ ಹಿಡುವಳಿದಾರರು ಹೊರಟರು. ಕೆಲವರು ಗೊಬ್ಬರ ಹೊರುವ ಬಂಡಿಗಳಲ್ಲಿ, ಕೆಲವರು ಕತ್ತೆಗಳ ಮೇಲೆ, ಕೆಲವರು ನದಿಯಲ್ಲಿ ದೋಣಿಗಳನ್ನು ಹತ್ತಿ, ಎಷ್ಟೋ ಮಂದಿ ಕಾಲುನಡೆಯಾಗಿ ಯಾರ್ಕಿಗೆ ಬಂದರು. ಹಲ್ ಪಟ್ಟಣದಲ್ಲಿ ಮತವನ್ನು ಕೊಂಡಿದ್ದ ಯೌವನಸ್ಥನು ಈಗ ಕೊಳ್ಳದೆ ನಿಂತಿದ್ದನು. ಮತದಾರರು ತಮ್ಮ ರೊಟ್ಟಿಯನ್ನು ತಾವೇ ಕಟ್ಟಿಕೊಂಡು ಬಂದು ಮತ ಕೊಟ್ಟರು. ಅವರನ್ನು ಕರತರುವ ಖರ್ಚಿಗೆ ಸ್ನೇಹಿತರು ಚಂದಾ ಎತ್ತಿದರು. ಆದ ಖರ್ಚು ಸುಮಾರು ೨೮ ಸಾವಿರ ಪೌಂಡು, ಉಳಿದ ಹಣವನ್ನು ಕೊಟ್ಟವರಿಗೆ ಹಿಂದಕ್ಕೆ ಕೊಟ್ಟರು. ವಿಲ್ಬರ್‌ಫೋರ್ಸರಿಗೆ ೧೧,೮೦೦ಕ್ಕೆ ಮೇಲ್ಪಟ್ಟ ಮತಗಳು ಬಿದ್ದು ಅವರು ಮೊದಲನೆಯವರಾದರು. ಲ್ಯಾಸೆಲ್ಸರು ಇನ್ನೂರಕ್ಕಿಂತ ಕಡಮೆ ಮತಗಳ ಅಂತರದಿಂದ ಸ್ಥಾನವನ್ನು ಕಳಕೊಂಡರು.

ಹಿಂದೂದೇಶಕ್ಕೆ ಸಂಬಂಧಪಟ್ಟದ್ದು

ಈ ಚರಿತ್ರೆಯು ನಮ್ಮ ಸೀಮೆಯನ್ನೂ ಮುಟ್ಟುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ರಾಜ್ಯದಲ್ಲಿ ಮಿಷನೆರಿಗಳಿಗೆ ಸುಲಭವಾಗಿ ಎಡೆಗೊಡುತ್ತಿರಲಿಲ್ಲ. ೧೭೯೩ರಲ್ಲಿ ವಿಲ್ಬರ್‌ಫೋರ್ಸರು ಪ್ರಯತ್ನಿಸಿ ಸೋತರು. ೧೮೧೩ರಲ್ಲಿ ಕಂಪೆನಿಯ ಸನ್ನದು ಹೊಸದಾಗುವಾಗ ಇಂಗ್ಲೆಂಡಿನ ಸಭೆಗಳಿಂದ ನೂರಾರು ಮನವಿಗಳು ಬಂದವು. ಜೂನ್ ೨೨ರಲ್ಲಿ ೮೯ಕ್ಕೆ ೩೬ ಮತಗಳಿಂದ ಬಾಗಿಲು ತೆರೆಯಿತು. ವಿದ್ಯೆಗಾಗಿ ವರುಷಕ್ಕೆ ಒಂದು ಲಕ್ಷ ರೂಪಾಯಿಯನ್ನು ಇಡಬೇಕೆಂಬ ನಿಯಮವೂ ಆ ಸನ್ನದಿನಲ್ಲಿ ಸೇರಿತು. ೧೮೩೩ರ ಸನ್ನದು ಆ ಬಾಗಿಲನ್ನು ಬೇರೆ ದೇಶದವರಿಗೂ ತೆರೆದದ್ದರಿಂದ ೧೮೩೪ರಲ್ಲಿ ಬಾಸೆಲ್ ಮಿಷನಿನ ಮೊದಲನೆಯ ಮೂವರು ಮಂಗಳೂರಿಗೆ ಬಂದರು. ಆದರೆ ವಿಲ್ಬರ್‌ಫೋರ್ಸರು ಹಿಂದೂದೇಶವನ್ನು ಕಣ್ಣಿನಿಂದ ಕಂಡವರಲ್ಲ. ಇತರರ ವರದಿಗಳನ್ನು ನಂಬಿ ಈ ದೇಶದ ಜನರ ವಿಷಯದಲ್ಲಿಯೂ ಅವರ ಧರ್ಮದ ವಿಷಯದಲ್ಲಿಯೂ ಅವರು ಆಡಿದ ಕಠಿಣವಾದ ಮಾತುಗಳು ಹಲವು ನ್ಯಾಯವಾದವುಗಳಲ್ಲ. ನೆರೆಯವರನ್ನು ಹತ್ತಿರದಿಂದ ಬಲ್ಲ ನಾವು ಆ ಮಾತುಗಳನ್ನು ಹಿಡಿದುಕೊಳ್ಳಬೇಕಾದದ್ದಿಲ್ಲ.

ಅವರ ಕೊರತೆಗಳು

ಭಕ್ತರ ಚರಿತ್ರೆಯನ್ನು ಬರೆಯುವಾಗ ಕೊರತೆಗಳನ್ನು ಬಿಟ್ಟುಬಿಡುವದು ಸತ್ಯವೇದದ ಕ್ರಮವಲ್ಲ. ದಾವೀದನ ಪಾಪವೂ ಪೇತ್ರನ ಭಯವೂ ಅದರಲ್ಲಿ ಬರೆದಿರುತ್ತವೆ. ದೂರದ ಗುಲಾಮರಿಗಾಗಿ ಮರುಗಿದ ವಿಲ್ಬರ್‌ಫೋರ್ಸರು ಹತ್ತಿರದ ಕೂಲಿಯವರ ಕೂಗನ್ನು ಚೆನ್ನಾಗಿ ಕೇಳಲಿಲ್ಲ. ಕೂಲಿಯವರು ಸಂಘಕಟ್ಟಬಾರದೆಂಬ ೧೭೯೯ರ ಕಾಯಿದೆಗೆ ಬೆಂಬಲವಾಗಿ ನಿಂತರು. ಬಡವರ ರೊಟ್ಟಿಯ ಬೆಲೆಯನ್ನು ಏರಿಸಿದ ೧೮೧೫ರ ಧಾನ್ಯದ ಕಾಯಿದೆಗೆ ಮತ ಕೊಟ್ಟರು. ಗುಲಾಮಗಿರಿಗೆ ವಿರೋಧವಾಗಿ ಹೆಂಗಸರು ಸಂಘಗಳನ್ನು ಕಟ್ಟಿದಾಗ ಅದು ಅವರಿಗೆ ತಕ್ಕದ್ದಲ್ಲವೆಂದು ಎಣಿಸಿದರು. ಆದರೆ ಮೆಲ್ಲನೆ ಅಲ್ಲ, ಈಗಲೇ ಬಿಡುಗಡೆಯಾಗಬೇಕೆಂದು ೧೮೨೪ರಲ್ಲಿ ಬರೆದವರು ಎಲಿಜಬೆತ್ ಹೆಯ್ರಿಕ್ ಎಂಬ ಸ್ತ್ರೀಯೇ. ವಿಶ್ವಾಸವು ಮನುಷ್ಯನ ಮನಸ್ಸನ್ನು ಶುದ್ಧಿಮಾಡುತ್ತದೆ. ಆದರೂ ಅವನನ್ನು ತಪ್ಪು ಮಾಡಲಾರದವನನ್ನಾಗಿ ಮಾಡುವದಿಲ್ಲ. ಕ್ರೈಸ್ತನು ಕೊಟ್ಟ ಮತವೆಲ್ಲಾ ಕ್ರಿಸ್ತನ ಮತವಲ್ಲ.

ಇದಕ್ಕೆ ಎದುರಾಗಿ ಹೇಳತಕ್ಕ ಒಳ್ಳೆಯ ಮಾತೂ ಉಂಟು. ಅವರು ಪ್ರೊಟೆಸ್ಟಂಟ್ ಸಭೆಯವರಾಗಿದ್ದು, ಕಥೋಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂಡ್ರುವ ಹಕ್ಕು ಬೇಡವೆಂದು ಬಹು ಕಾಲ ನೆನಸಿದ್ದರು. ಆದರೆ ಯೋಚಿಸಿ ನೋಡಿ ೧೮೧೩ರಲ್ಲಿ ತಮ್ಮ ಅಭಿಪ್ರಾಯವನ್ನು ಬದಲಾಯಿಸಿ, ಆ ಹಕ್ಕಿನ ಪಕ್ಷವಾಗಿ ನಿಂತರು. ತನ್ನ ಸಭೆಗೆ ಸೇರದವನ ನ್ಯಾಯಕ್ಕಾಗಿ ಮತ ಕೊಡುವದೇ ವಿಶ್ವಾಸದ ನಿಜವಾದ ಪರೀಕ್ಷೆ.

ಕಡೇ ದಿವಸಗಳು

ವ್ಯಾಪಾರವು ನಿಂತರೂ ಗುಲಾಮಗಿರಿಯು ನಿಲ್ಲಲಿಲ್ಲ. ವಿಲ್ಬರ್‌ಫೋರ್ಸರು ಮುಪ್ಪಿನಿಂದ ೧೮೨೫ರಲ್ಲಿ ಪಾರ್ಲಿಮೆಂಟನ್ನು ಬಿಟ್ಟಾಗ ಭಾರವು ಬಕ್ಸ್‌ಟನ್ನರ ಹೆಗಲಿಗೆ ಹೋಗಿತ್ತು. ಹಿರೀ ಮಗನ ವ್ಯಾಪಾರವು ಮುರಿದುಬಿದ್ದದ್ದರಿಂದ ಅವರ ಆಸ್ತಿಯ ಬಹುಭಾಗವು ಹೋಯಿತು; ಮನೆ ಬಿಟ್ಟು ಬೋಧಕರಾಗಿದ್ದ ಮಕ್ಕಳ ಆಶ್ರಯದಲ್ಲಿ ಸಂತೋಷವಾಗಿಯೇ ದಿನ ಕಳೆದರು. ಅಷ್ಟರಲ್ಲಿ ೧೮೩೧ರ ಕಡೆಯಲ್ಲಿ ಜಮೇಕಾ ದ್ವೀಪದಲ್ಲಿ ಗುಲಾಮರೇ ಎದ್ದರು. ಅವರ ಮುಂದಾಳಾದ ಸ್ಯಾಮ್ ಷಾರ್ಪ್ ಎಂಬ ಬ್ಯಾಪ್ಟಿಸ್ಟ್ ಸಭೆಯ ಸೇವಕನನ್ನು ೧೮೩೨ರಲ್ಲಿ ಗಲ್ಲಿಗೆ ಹಾಕಿದರು. ಅವನಿಗೆ ಮತವಿರಲಿಲ್ಲ, ಅವನು ತನ್ನ ಪ್ರಾಣವನ್ನೇ ಕೊಟ್ಟನು. ಇಂಗ್ಲೆಂಡಿನವರ ಮನಸ್ಸು ಇದರಿಂದ ಕಲಕಿತು. ಮರುವರುಷ ಬಿಡುಗಡೆಯ ಮಸೂದೆಯು ಜಯಿಸುವದು ನಿಶ್ಚಯವಾಯಿತೆಂಬ ಸುದ್ದಿಯು ಜುಲೈ ೨೬ರಲ್ಲಿ ವಿಲ್ಬರ್‌ಫೋರ್ಸರ ಕಿವಿಗೆ ಬಿತ್ತು. ಮೂರು ದಿವಸಗಳ ತರುವಾಯ, ೧೮೩೩ನೇ ಇಸವಿ ಜುಲೈ ೨೯ರಲ್ಲಿ, ಅವರು ಕರ್ತನಲ್ಲಿ ನಿದ್ರೆಹೋದರು. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ, ಹಳೇ ಗೆಳೆಯರಾದ ಪಿಟ್ಟರ ಸಮಾಧಿಯ ಹತ್ತಿರ, ಅವರನ್ನು ಹೂಣಿಟ್ಟರು.

ಆ ಕಾಯಿದೆಯು ಸುಮಾರು ಎಂಟು ಲಕ್ಷ ಜನರನ್ನು ಬಿಡಿಸಿತು. ಆದರೆ ಒಡೆಯರಿಗೆ ಎರಡು ಕೋಟಿ ಪೌಂಡು ಪರಿಹಾರ ಸಿಕ್ಕಿತು. ದುಡಿದವರಿಗೆ ಒಂದು ಕಾಸೂ ಸಿಕ್ಕಲಿಲ್ಲ. ಕಂಪೆನಿಯ ಕೈಕೆಳಗಿದ್ದ ಹಿಂದೂದೇಶವು ಅದರಲ್ಲಿ ಸೇರಲಿಲ್ಲ. ಕನ್ನಡ ಮಲಬಾರ್ ಜಿಲ್ಲೆಗಳಲ್ಲಿ ಭೂಮಿಯೊಂದಿಗೆ ಮಾರಲ್ಪಡುತ್ತಿದ್ದ ಮೂಲದಾಳುಗಳು ೧೮೪೩ರ ಐದನೇ ಕಾಯಿದೆಯ ವರೆಗೆ ಕಾಯಬೇಕಾಯಿತು.

ನಾವು ಕಲಿಯತಕ್ಕದ್ದು

ಪ್ರಿಯ ವಾಚಕರೇ, ನಮ್ಮಲ್ಲಿ ಯಾರೂ ಪಾರ್ಲಿಮೆಂಟಿನಲ್ಲಿ ಮೂರೂವರೆ ತಾಸು ಮಾತಾಡುವವರಲ್ಲದೆ ಇರಬಹುದು. ಆದರೆ ಯಾರ್ಕಿಗೆ ನಡೆದುಹೋದ ಆ ಹಿಡುವಳಿದಾರರ ಹಾಗೆ ನಮ್ಮೆಲ್ಲರ ಕೈಯಲ್ಲಿಯೂ ಒಂದು ಮತವುಂಟು. ಚುನಾವಣೆಯ ಮುಂಚಿನ ರಾತ್ರಿ ಬಾಗಿಲಿಗೆ ನೋಟೂ ಸೀರೆಯೂ ಸಾರಾಯಿಯೂ ಬಂದರೆ, ಅದು ಹಲ್ ಪಟ್ಟಣದ ಎರಡು ಗಿನಿಯೇ ಎಂದು ತಿಳಿಯೋಣ. ಎಲ್ಲರೂ ತಕ್ಕೊಳ್ಳುತ್ತಾರೆಂಬದು ಉತ್ತರವಲ್ಲ. ಲಂಚವು ಕಣ್ಣುಳ್ಳವನನ್ನು ಕುರುಡನನ್ನಾಗಿ ಮಾಡುತ್ತದೆಂದು ಮೋಶೆಯ ಧರ್ಮಶಾಸ್ತ್ರವು ನಮ್ಮನ್ನು ಎಚ್ಚರಿಸಿರುತ್ತದೆ. ನಮ್ಮ ದೇಶದ ಕಾಯಿದೆಯೂ ಅದನ್ನು ಅಪರಾಧವೆಂದು ಎಣಿಸುತ್ತದೆ. ಹಣ ತಕ್ಕೊಂಡು ಮನಸ್ಸು ಬಂದವರಿಗೆ ಹಾಕುತ್ತೇವೆಂದು ಹೇಳುವ ಜಾಣತನವು ಎರಡು ಪಾಪಗಳನ್ನು ಕೂಡಿಸುವದಲ್ಲದೆ ಒಂದನ್ನೂ ಕಳೆಯುವದಿಲ್ಲ.

ಅಭ್ಯರ್ಥಿಯು ನಮ್ಮ ಜಾತಿಯವನೋ, ನಮ್ಮ ಸಭೆಯವನೋ, ನಮ್ಮ ಬಳಗದವನೋ ಎಂದು ಕೇಳುವದಕ್ಕೆ ಮುಂಚೆ, ಅವನ ಕೈ ಶುದ್ಧವೋ, ಅವನು ವಿಧವೆಗೂ ಕೂಲಿಯವನಿಗೂ ನೆರೆಯ ಬೇರೆ ಧರ್ಮದವನಿಗೂ ನ್ಯಾಯ ಮಾಡುವನೋ ಎಂದು ಕೇಳೋಣ. ಚುನಾವಣೆಯಲ್ಲಿ ಧರ್ಮದ ಹೆಸರನ್ನು ಹಿಡಿದು ಮತ ಬೇಡುವದನ್ನು ಕಾಯಿದೆಯು ನಿಷೇಧಿಸಿದೆ; ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದೆಂಬ ಆಜ್ಞೆಯು ಅದಕ್ಕಿಂತ ಹಳೇದು. ಆದದರಿಂದ ಪ್ರಸಂಗಪೀಠವು ಯಾವ ಪಕ್ಷದ ವೇದಿಕೆಯೂ ಆಗದಿರಲಿ. ಅಯ್ಯನವರೂ ಹಿರಿಯರೂ ಇಂಥವನಿಗೆ ಹಾಕಿರೆಂದು ಅಪ್ಪಣೆಮಾಡದೆ, ಹೇಗೆ ಯೋಚಿಸಬೇಕೆಂದು ಕಲಿಸಲಿ. ಗಂಡನು ಹೆಂಡತಿಯ ಮತವನ್ನು ತನ್ನದೆಂದು ಎಣಿಸದಿರಲಿ. ಆಕೆಯು ತನ್ನ ಮತಕ್ಕಾಗಿ ದೇವರಿಗೆ ತಾನೇ ಲೆಕ್ಕ ಕೊಡತಕ್ಕವಳು.

ಮತ ಹಾಕದೆ ಮನೆಯಲ್ಲಿ ಉಳಿಯುವದೂ ಒಂದು ವಿಧವಾದ ಮತವೇ. ೧೭೯೬ರಲ್ಲಿ ನಾಲ್ಕು ಮತಗಳು ಕಡಮೆಯಾದದ್ದರಿಂದ ಇನ್ನೂ ಹನ್ನೊಂದು ವರುಷ ಹಡಗುಗಳು ತುಂಬಿ ಹೋದವು. ಒಂದು ಸಾರಿ ಸೋತರೆ ಬೇಸರಪಡಬಾರದು; ಗೆದ್ದರೆ ಗೆದ್ದವನನ್ನು ಮರೆತು ಮಲಗಬಾರದು. ಅವನು ನಮ್ಮ ಸ್ನೇಹಿತನಾದರೂ ಬೊಕ್ಕಸದ ಲೆಕ್ಕವನ್ನು ಕೇಳುವದು ನಮ್ಮ ಕೆಲಸ.

ಮತಗಟ್ಟೆಯ ಮರೆಯಲ್ಲಿ ನಾವು ನಿಂತಾಗ ನೆರೆಯವನು ನೋಡುವದಿಲ್ಲ, ಒಡೆಯನು ನೋಡುವದಿಲ್ಲ, ಪಕ್ಷದವನು ನೋಡುವದಿಲ್ಲ. ಯಾರ್ಕಿನ ಆ ಬಡ ಹಿಡುವಳಿದಾರರಿಗೆ ಈ ಭಾಗ್ಯವಿರಲಿಲ್ಲ. ಅಂತರಂಗದಲ್ಲಿ ನೋಡುವ ತಂದೆಯೊಬ್ಬನೇ ನಮ್ಮನ್ನು ನೋಡುತ್ತಾನೆ. ಮುಂದಿನ ಚುನಾವಣೆಯ ದಿನ ಬೆಳಿಗ್ಗೆ ಪ್ರತಿಯೊಂದು ಕ್ರೈಸ್ತ ಮನೆಯಲ್ಲಿ ಸತ್ಯವೇದವನ್ನು ತೆರೆದು, ಮೊಣಕಾಲೂರಿ, ದೇಶಕ್ಕಾಗಿಯೂ ಅದನ್ನು ಆಳುವವರಿಗಾಗಿಯೂ ಧ್ವನಿಯಿಲ್ಲದವರಿಗಾ‌ಗಿಯೂ ಪ್ರಾರ್ಥಿಸಿ, ಆಮೇಲೆ ಬರಿಗೈಯಿಂದಲೂ ಶುದ್ಧಮನಸ್ಸಿನಿಂದಲೂ ಮತಗಟ್ಟೆಗೆ ಹೊರಡುವಂತೆ ಕರ್ತನು ನಮಗೆಲ್ಲರಿಗೂ ಕೃಪೆಮಾಡಲಿ.